ವಿಧಿ ಮತ್ತು ನಿಷೇಧ: ಹಳೆಯ ಸ್ಪೋರ್ಟ್ಸ್ ಕಾರಿನ ಆಲ್ಟರ್ನೇಟರ್‌ನ ಪಾಲನೆಯ ಚರಿತ್ರೆ

೧

ಯಂತ್ರಗಳ ಚರಿತ್ರೆಯನ್ನು ಬರೆದ ವಿದ್ವಾಂಸರಲ್ಲಿ ಬಹುಮಂದಿ ಅವುಗಳ ಉತ್ಪತ್ತಿಯ ಕಡೆಗೇ ಹೆಚ್ಚಾಗಿ ದೃಷ್ಟಿ ಹರಿಸಿದ್ದಾರೆ. ಯಾವ ಯಂತ್ರವನ್ನು ಯಾರು, ಯಾವ ವರ್ಷದಲ್ಲಿ, ಯಾವ ಊರಿನಲ್ಲಿ ನಿರ್ಮಿಸಿದರೆಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರ ದೊರೆಯುತ್ತದೆ. ಹಾಗೆ ನಿರ್ಮಿತವಾದ ಯಂತ್ರವನ್ನು ಜನರು ಹೇಗೆ ಪಾಲಿಸಿಕೊಂಡು ಬಂದರು, ಅದಕ್ಕಾಗಿ ಯಾವ ಅಭ್ಯಾಸಗಳನ್ನು ಕಲಿತರು, ಯಾವುವನ್ನು ಬಿಟ್ಟರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಯಂತ್ರವು ಹುಟ್ಟುವುದು ಒಂದು ಸಲ. ಬಾಳುವುದು ಹಲವು ದಶಕಗಳ ಕಾಲ. ಬಾಳುವೆಯ ಚರಿತ್ರೆಯನ್ನು ಬಿಟ್ಟು ಹುಟ್ಟಿನ ಚರಿತ್ರೆಯನ್ನು ಮಾತ್ರ ಹೇಳಿದರೆ ವೃತ್ತಾಂತವು ಅರ್ಧಕ್ಕೆ ನಿಂತಂತೆಯೇ ಸರಿ.

ಪ್ರಸ್ತುತ ಲೇಖನದಲ್ಲಿ ಇಂತಹ ಬಾಳುವೆಯ ಚರಿತ್ರೆಯ ಒಂದು ಸಣ್ಣ ಅಧ್ಯಾಯವನ್ನು ಪರಿಶೀಲಿಸಲಾಗಿದೆ. ಮೋಟಾರು ಕಾರಿನ ಎಂಜಿನ್ ತಿರುಗುವಾಗ ಅದರ ಬಲವನ್ನು ಒಂದು ಬೆಲ್ಟಿನ ಮೂಲಕ ಪಡೆದು ವಿದ್ಯುತ್ತನ್ನು ಉತ್ಪಾದಿಸಿ, ದೀಪಗಳಿಗೂ ಕಿಡಿ ಹೊತ್ತಿಸುವ ಏರ್ಪಾಟಿಗೂ ಒದಗಿಸಿ, ಉಳಿದುದನ್ನು ಬ್ಯಾಟರಿಗೆ ತುಂಬುವ ಒಂದು ಅಂಗವಿದೆ. ಈ ಕಾರ್ಯವನ್ನು ಮೊದಲು ಡೈನಮೊ ನೆರವೇರಿಸುತ್ತಿತ್ತು. ೧೯೬೦ರ ದಶಕದಲ್ಲಿ ಅದರ ಸ್ಥಾನಕ್ಕೆ ಆಲ್ಟರ್ನೇಟರ್ ಬಂದಿತು. ಈ ಬದಲಾವಣೆಯು ಎಲ್ಲ ಬಗೆಯ ಕಾರುಗಳಲ್ಲಿಯೂ ನಡೆಯಿತಾದರೂ ಬ್ರಿಟನ್ನಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅದನ್ನು ಸ್ಪಷ್ಟವಾಗಿ ಕಾಣಬಹುದು. ಏಕೆಂದರೆ ಆ ಕಾರುಗಳನ್ನು ಇಂದಿಗೂ ಅನೇಕರು ಓಡಿಸುತ್ತಿದ್ದಾರೆ, ತಾವೇ ಕೈಯಾರೆ ದುರಸ್ತು ಮಾಡುತ್ತಿದ್ದಾರೆ; ಹಳೆಯ ಅಭ್ಯಾಸವೂ ಹೊಸ ಯಂತ್ರವೂ ಒಂದೇ ಬಾನೆಟ್ಟಿನ ಕೆಳಗೆ ಎದುರುಬದುರಾಗುವುದು ಅಲ್ಲಿಯೇ.

ಪೂರ್ವಮೀಮಾಂಸಕರು ವೇದವಾಕ್ಯಗಳನ್ನು ವಿಂಗಡಿಸುವಾಗ, ಇದನ್ನು ಮಾಡತಕ್ಕದ್ದು ಎಂದು ಹೇಳುವುದನ್ನು ವಿಧಿಯೆಂದೂ, ಇದನ್ನು ಮಾಡತಕ್ಕದ್ದಲ್ಲ ಎಂದು ಹೇಳುವುದನ್ನು ನಿಷೇಧವೆಂದೂ ಕರೆದರು. ಈ ಪರಿಭಾಷೆಯನ್ನು ಯಂತ್ರದ ಪಾಲನೆಗೆ ಅನ್ವಯಿಸುವುದಾದರೆ, ಡೈನಮೊವಿನ ಪಾಲನೆ ಮುಖ್ಯವಾಗಿ ವಿಧಿಗಳಿಂದ ಕೂಡಿದ್ದಿತು. ಆಲ್ಟರ್ನೇಟರ್‌ನ ರಕ್ಷಣೆ ಮುಖ್ಯವಾಗಿ ನಿಷೇಧಗಳಿಂದ ಕೂಡಿದೆ. ಒಂದರ ಕಾಲದಲ್ಲಿ ಕುಶಲತೆಯೆನಿಸಿದ್ದ ಕ್ರಿಯೆಯೇ ಇನ್ನೊಂದರ ಕಾಲದಲ್ಲಿ ಘಾತಕವಾಯಿತು. ಇದನ್ನು ಸಾಧಾರವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಮೈಕೇಲ್ ಫ್ಯಾರಡೆಯು ೧೮೩೧ರಲ್ಲಿ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವವನ್ನು ಪ್ರಯೋಗದಿಂದ ಸ್ಥಾಪಿಸಿದನು. ಮರುವರ್ಷವೇ ಪ್ಯಾರಿಸಿನಲ್ಲಿ ಇಪೊಲಿತ್ ಪಿಕ್ಸಿಯು ಅಯಸ್ಕಾಂತವನ್ನು ಸುರುಳಿಗಳ ಬಳಿ ತಿರುಗಿಸಿ ವಿದ್ಯುತ್ತನ್ನು ಪಡೆಯುವ ಯಂತ್ರವನ್ನು ರಚಿಸಿದನು. ಇಂತಹ ಯಂತ್ರದಲ್ಲಿ ಸಹಜವಾಗಿ ಹುಟ್ಟುವುದು ದಿಕ್ಕನ್ನು ಪದೇಪದೇ ಬದಲಿಸುವ ಪರ್ಯಾಯ ಪ್ರವಾಹ. ಅದನ್ನು ಒಂದೇ ದಿಕ್ಕಿಗೆ ತಿರುಗಿಸುವುದಕ್ಕಾಗಿ ಅಂದಿನವರು ಕಮ್ಯುಟೇಟರ್ ಎಂಬ ಸಾಧನವನ್ನು ಕಂಡುಕೊಂಡರು. ತಿರುಗುವ ಅಚ್ಚಿನ ಮೇಲೆ ತಾಮ್ರದ ತುಂಡುಗಳನ್ನು ಜೋಡಿಸಿ, ಅವುಗಳ ಮೇಲೆ ಉಜ್ಜುತ್ತಿರುವ ಬ್ರಷ್‌ಗಳ ಮೂಲಕ ಪ್ರವಾಹವನ್ನು ಹೊರತೆಗೆಯುವುದೇ ಈ ಏರ್ಪಾಡು. ಅಂದರೆ ಪರ್ಯಾಯ ಪ್ರವಾಹವು ಮೊದಲಿನಿಂದಲೂ ಯಂತ್ರದ ಒಳಗೇ ಇದ್ದಿತು. ಬ್ಯಾಟರಿಯು ಏಕಮುಖ ಪ್ರವಾಹವನ್ನಲ್ಲದೆ ಮತ್ತೊಂದನ್ನು ಸ್ವೀಕರಿಸಲಾರದ್ದರಿಂದ ಅದನ್ನು ತಿದ್ದಬೇಕಾಗಿದ್ದಿತು. ಡೈನಮೊವಿಗೂ ಆಲ್ಟರ್ನೇಟರ್‌ಗೂ ಇರುವ ಭೇದವು ಈ ತಿದ್ದುವಿಕೆ ಎಲ್ಲಿ, ಯಾವುದರಿಂದ ನಡೆಯುತ್ತದೆ ಎಂಬುದರಲ್ಲಿದೆ.

ಕಾರಿನಲ್ಲಿ ವಿದ್ಯುತ್ತಿನ ಆವಶ್ಯಕತೆ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ೧೯೧೨ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಅದರೊಡನೆ ಬ್ಯಾಟರಿಯೂ ಅದನ್ನು ತುಂಬುವ ಯಂತ್ರವೂ ಕಾರಿನ ಅನಿವಾರ್ಯ ಅಂಗಗಳಾದವು. ಬ್ರಿಟನ್ನಿನಲ್ಲಿ ಈ ಸಾಮಗ್ರಿಗಳ ತಯಾರಿಕೆಯಲ್ಲಿ ಬರ್ಮಿಂಗ್‌ಹ್ಯಾಮಿನ ಲೂಕಸ್ ಸಂಸ್ಥೆಯು ಅಗ್ರಸ್ಥಾನವನ್ನು ಪಡೆಯಿತು. ಮುಂದೆ ಪ್ರಸ್ತಾಪಿಸುವ ಕಾರುಗಳ ಡೈನಮೊಗಳೂ ಆಲ್ಟರ್ನೇಟರ್‌ಗಳೂ ಆ ಸಂಸ್ಥೆಯವೇ.

ಡೈನಮೊವಿನ ಪಾಲನೆಯ ಕ್ರಮವನ್ನು ಅಂದಿನ ಕೈಪಿಡಿಗಳಿಂದ ತಿಳಿಯಬಹುದು. ಬ್ರಷ್‌ಗಳು ಸವೆದುವೇ ಎಂದು ನೋಡತಕ್ಕದ್ದು; ಸವೆದಿದ್ದರೆ ಬದಲಿಸತಕ್ಕದ್ದು. ಕಮ್ಯುಟೇಟರ್‌ನ ಮೇಲೆ ಕೂತ ಇಂಗಾಲದ ಪುಡಿಯನ್ನು ಒರೆಸತಕ್ಕದ್ದು. ತಾಮ್ರದ ತುಂಡುಗಳ ನಡುವಣ ಅಭ್ರಕವು ಮೇಲೆದ್ದಿದ್ದರೆ ತಗ್ಗಿಸತಕ್ಕದ್ದು. ಹಿಂದಿನ ಬೇರಿಂಗಿಗೆ ಕೆಲವು ಹನಿ ಎಣ್ಣೆ ಬಿಡತಕ್ಕದ್ದು. ಡೈನಮೊವಿಗೆ ಕಾವಲಾಗಿ ಬೇರೆಯೇ ಇರುತ್ತಿದ್ದ ನಿಯಂತ್ರಕದ ಪೆಟ್ಟಿಗೆಯಲ್ಲಿ ಸಂಪರ್ಕಬಿಂದುಗಳು ಕಪ್ಪಾಗಿದ್ದರೆ ಶುದ್ಧಿಗೊಳಿಸತಕ್ಕದ್ದು. ಆ ಪೆಟ್ಟಿಗೆಯಲ್ಲಿದ್ದ ಕಟ್-ಔಟ್ ಎಂಬ ಭಾಗವು ಎಂಜಿನ್ ನಿಂತಾಗ ಬ್ಯಾಟರಿಯನ್ನು ಡೈನಮೊವಿನಿಂದ ಬೇರ್ಪಡಿಸುತ್ತಿತ್ತು. ಹಾಗೆ ಬೇರ್ಪಡಿಸದಿದ್ದರೆ ಬ್ಯಾಟರಿಯ ವಿದ್ಯುತ್ತು ಹಿಮ್ಮುಖವಾಗಿ ಹರಿದು ಬರಿದಾಗುತ್ತಿತ್ತು.

ಇವೆಲ್ಲವೂ ವಿಧಿಗಳು. ಡೈನಮೊವಿನ ದೋಷಗಳು ಮೆಲ್ಲಮೆಲ್ಲನೆ, ಕಣ್ಣಿಗೆ ಕಾಣುವಂತೆ, ಮೂಗಿಗೆ ತಿಳಿಯುವಂತೆ ಬೆಳೆಯುತ್ತಿದ್ದವು. ಅದು ಸವೆಯುವ ಯಂತ್ರ. ಸವೆತವನ್ನು ಸಾಧಾರಣ ಉಪಕರಣಗಳಿಂದ ಸರಿಪಡಿಸಬಹುದಾಗಿದ್ದಿತು. ಕೈಕೆಲಸ ಬಲ್ಲವನು ಅದರ ಆಯುಷ್ಯವನ್ನು ಬಹುಕಾಲ ಮುಂದುವರಿಸಬಲ್ಲವನಾಗಿದ್ದನು.

೩

ಹೀಗಿರಲಾಗಿ ಡೈನಮೊವನ್ನು ಕೈಬಿಡಲು ಕಾರಣವೇನು? ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದಾಗಿ, ಎಂಜಿನ್ ಮಂದವಾಗಿ ತಿರುಗುವಾಗ ಡೈನಮೊವಿನಿಂದ ಬ್ಯಾಟರಿಗೆ ಏನೂ ದಕ್ಕುತ್ತಿರಲಿಲ್ಲ. ಚಳಿಗಾಲದ ಸಂಜೆ ನಗರದ ಸಂದಣಿಯಲ್ಲಿ ದೀಪ, ಹೀಟರಿನ ಫ್ಯಾನು, ಗಾಜು ಒರೆಸುವ ವೈಪರ್, ರೇಡಿಯೋ ಇವೆಲ್ಲವನ್ನೂ ಉರಿಸುತ್ತ ನಿಂತ ಕಾರಿನ ಬ್ಯಾಟರಿ ಇಳಿಯುತ್ತಲೇ ಹೋಗುತ್ತಿತ್ತು. ಎರಡನೆಯದಾಗಿ, ದೊಡ್ಡ ರಾಟೆಯ ಬದಲು ಸಣ್ಣ ರಾಟೆಯನ್ನು ಹಾಕಿ ಅದನ್ನು ಹೆಚ್ಚು ವೇಗದಿಂದ ತಿರುಗಿಸೋಣವೆಂದರೆ, ಎಂಜಿನ್ ರಭಸದಿಂದ ಓಡುವಾಗ ಕಮ್ಯುಟೇಟರ್‌ನ ತುಂಡುಗಳೂ ಸುರುಳಿಗಳೂ ಕೇಂದ್ರಾಪಗಾಮಿ ಬಲಕ್ಕೆ ಸಿಕ್ಕಿ ಹೊರಕ್ಕೆ ಸಿಡಿಯುವ ಭಯವಿತ್ತು. ಸ್ಪೋರ್ಟ್ಸ್ ಕಾರಿನ ಎಂಜಿನ್ನೆಂದರೆ ರಭಸವಾಗಿಯೇ ಓಡತಕ್ಕದ್ದು. ಆದಕಾರಣ ಈ ಇಕ್ಕಟ್ಟು ಅಲ್ಲಿ ತೀವ್ರವಾಗಿತ್ತು.

ಆಲ್ಟರ್ನೇಟರ್‌ನಲ್ಲಿ ಕ್ರಮವು ತಿರುವುಮುರುವು. ಅದರಲ್ಲಿ ಅಧಿಕ ಪ್ರವಾಹವನ್ನು ಹೊರುವ ಸುರುಳಿಗಳು ಹೊರಗಡೆ ನಿಶ್ಚಲವಾಗಿರುತ್ತವೆ. ಒಳಗಡೆ ಕಾಂತಕ್ಷೇತ್ರದ ಸುರುಳಿ ಮಾತ್ರ ತಿರುಗುತ್ತದೆ. ಬ್ರಷ್‌ಗಳ ಮೂಲಕ ಹಾಯುವುದು ಕೆಲವೇ ಆಂಪಿಯರ್‌ಗಳ ಕ್ಷೇತ್ರಪ್ರವಾಹ. ಅದೂ ತುಂಡುತುಂಡಾದ ಕಮ್ಯುಟೇಟರ್‌ನ ಮೇಲಲ್ಲ, ನುಣುಪಾದ ಅಖಂಡ ಬಳೆಗಳ ಮೇಲೆ. ಆದ್ದರಿಂದ ಸವೆತ ಅತ್ಯಲ್ಪ, ವೇಗಕ್ಕೂ ಅಳುಕಬೇಕಾಗಿಲ್ಲ. ಆದರೆ ಪರ್ಯಾಯ ಪ್ರವಾಹವನ್ನು ತಿದ್ದಲು ಕಮ್ಯುಟೇಟರ್ ಇಲ್ಲವಷ್ಟೆ. ಆ ಕೆಲಸಕ್ಕೆ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬೇರೊಂದು ದ್ವಾರಪಾಲಕ ಬೇಕು. ಸೆಲಿನಿಯಮ್ ಫಲಕಗಳಿಂದ ಇದನ್ನು ಸಾಧಿಸಬಹುದಾಗಿದ್ದರೂ ಅವು ಸಾಮಾನ್ಯ ಕಾರಿಗೆ ದೊಡ್ಡವಾಗಿದ್ದವು. ೧೯೫೦ರ ದಶಕದಲ್ಲಿ ಸಿಲಿಕಾನ್ ಡಯೋಡ್‌ಗಳ ತಯಾರಿಕೆ ಪ್ರೌಢವಾದ ಮೇಲೆಯೇ ಈ ತೊಡಕು ಬಿಡಿಸಿತು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು ೧೯೬೦ರ ಮಾದರಿಯ ವ್ಯಾಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಎಲ್ಲ ಗ್ರಾಹಕರಿಗೂ ಒದಗಿಸಿತು. ಬ್ರಿಟನ್ನಿನ ಸ್ಪೋರ್ಟ್ಸ್ ಕಾರುಗಳಲ್ಲಿ ಜಾಗ್ವಾರ್ ಇ-ಟೈಪ್ ೧೯೬೧ರಲ್ಲಿ ಡೈನಮೊವಿನೊಡನೆ ಹೊರಬಂದು, ೧೯೬೪ರಲ್ಲಿ ೪.೨ ಲೀಟರಿನ ಎಂಜಿನ್ ಬಂದಾಗ ಆಲ್ಟರ್ನೇಟರನ್ನು ಪಡೆಯಿತು.

೪

ಪಾಲನೆಯ ಚರಿತ್ರೆಯ ದೃಷ್ಟಿಯಿಂದ ಎಂ.ಜಿ.ಬಿ. ಕಾರು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ೧೯೬೨ರಿಂದ ೧೯೮೦ರವರೆಗೆ ಈ ಕಾರುಗಳು ೫ ಲಕ್ಷಕ್ಕೂ ಮಿಕ್ಕಿ ತಯಾರಾದವು. ಮೊದಲಿನ ಐದು ವರ್ಷಗಳಲ್ಲಿ ಇವುಗಳಲ್ಲಿ ಇದ್ದುದು ಸಿ-೪೦ ಎಂಬ ಡೈನಮೊ. ಅದರ ಗರಿಷ್ಠ ಪ್ರವಾಹ ೨೨ ಆಂಪಿಯರ್. ೧೯೬೭ರ ಕೊನೆಯಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ೧೬ ಎ.ಸಿ. ಎಂಬ ಆಲ್ಟರ್ನೇಟರನ್ನು ಅಳವಡಿಸಿದರು; ಅದರ ಗರಿಷ್ಠ ಪ್ರವಾಹ ೩೪ ಆಂಪಿಯರ್. ಪ್ರಾರಂಭದಲ್ಲಿ ಅದರ ನಿಯಂತ್ರಕವು ಪ್ರತ್ಯೇಕವಾದ ಪೆಟ್ಟಿಗೆಯಲ್ಲಿದ್ದಿತು. ಅನಂತರದ ೧೬ ಎ.ಸಿ.ಆರ್. ಮೊದಲಾದ ಮಾದರಿಗಳಲ್ಲಿ ಅದು ಯಂತ್ರದ ಹಿಂಭಾಗದ ಮುಚ್ಚಳದೊಳಗೇ ಸೇರಿಹೋಯಿತು. ಸಂಪರ್ಕಬಿಂದುಗಳನ್ನು ತಿಕ್ಕಿ ಶುದ್ಧಿಗೊಳಿಸುವ ವಿಧಿಗೆ ಇನ್ನು ಅವಕಾಶವೇ ಉಳಿಯಲಿಲ್ಲ.

ಇದೇ ಸಂದರ್ಭದಲ್ಲಿ ಮತ್ತೊಂದು ಪರಿವರ್ತನೆಯೂ ಆಯಿತು. ೧೯೩೦ರ ದಶಕದಿಂದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಕಾರಿನ ಮೈಗೆ ಜೋಡಿಸುವ ರೂಢಿ ವ್ಯಾಪಕವಾಗಿತ್ತು. ಆಲ್ಟರ್ನೇಟರ್‌ನೊಡನೆ ಎಂ.ಜಿ.ಬಿ.ಯಲ್ಲಿ ಋಣಧ್ರುವವನ್ನು ಮೈಗೆ ಜೋಡಿಸುವ ಪದ್ಧತಿ ಬಂದಿತು. ಸಾಲದೆಂಬಂತೆ, ೧೯೭೪ರವರೆಗೆ ಈ ಕಾರಿನಲ್ಲಿ ೧೨ ವೋಲ್ಟಿನ ಒಂದು ಬ್ಯಾಟರಿಯ ಬದಲು ೬ ವೋಲ್ಟಿನ ಎರಡು ಬ್ಯಾಟರಿಗಳು ಆಸನಗಳ ಹಿಂದೆ, ಒಂದು ಮುಚ್ಚಳದ ಕೆಳಗೆ, ಕತ್ತಲಲ್ಲಿ ಕುಳಿತಿರುತ್ತಿದ್ದವು. ಹೊರನೋಟಕ್ಕೆ ೧೯೬೬ರ ಕಾರೂ ೧೯೬೮ರ ಕಾರೂ ಬಹುಮಟ್ಟಿಗೆ ಒಂದೇ. ಆದರೆ ಒಂದರಲ್ಲಿ ಮೈಗೆ ಸೇರಬೇಕಾದ ತಂತಿ ಇನ್ನೊಂದರಲ್ಲಿ ಸೇರಕೂಡದು. ಮನುಷ್ಯನ ಕೈ ತಾನು ರೂಢಿಮಾಡಿಕೊಂಡ ದಾರಿಯಲ್ಲಿಯೇ ಹೋಗುತ್ತದೆಂಬುದನ್ನು ನೆನೆದರೆ, ಇಲ್ಲಿ ಎಷ್ಟು ಅನರ್ಥಕ್ಕೆ ಎಡೆಯಿತ್ತೆಂಬುದು ವಿದಿತವಾಗುತ್ತದೆ.

೫

ಈಗ ನಿಷೇಧಗಳ ಸ್ವರೂಪವನ್ನು ವಿಚಾರಿಸೋಣ. ಪ್ರತಿಯೊಂದು ನಿಷೇಧಕ್ಕೂ ಡಯೋಡ್‌ನ ಸ್ವಭಾವದಲ್ಲಿಯೋ ಯಂತ್ರದ ರಚನೆಯಲ್ಲಿಯೋ ಕಾರಣವಿದೆಯೆಂಬುದನ್ನು ಗಮನಿಸಬೇಕು.

ಮೊದಲನೆಯದು, ಬ್ಯಾಟರಿಯ ಧ್ರುವಗಳನ್ನು ಅದಲುಬದಲು ಮಾಡಿ ಜೋಡಿಸಕೂಡದು. ಡೈನಮೊ ಇದ್ದ ಕಾರು ನಿಂತಿರುವಾಗ ಕಟ್-ಔಟ್ ತೆರೆದಿರುತ್ತಿದ್ದುದರಿಂದ ಇಂತಹ ಪ್ರಮಾದದಿಂದ ಡೈನಮೊವಿಗೆ ತತ್‌ಕ್ಷಣದ ಹಾನಿಯಿರಲಿಲ್ಲ. ಆಲ್ಟರ್ನೇಟರ್‌ನಲ್ಲಿ ಕಟ್-ಔಟ್ ಇಲ್ಲ. ಹಿಮ್ಮುಖ ಪ್ರವಾಹವನ್ನು ತಡೆಯುವವು ಡಯೋಡ್‌ಗಳೇ. ಧ್ರುವಗಳು ಅದಲುಬದಲಾದರೆ ತಡೆಯಬೇಕಾದ ಬಾಗಿಲು ತಾನಾಗಿ ತೆರೆದು, ಬ್ಯಾಟರಿಯ ಸಮಸ್ತ ಬಲವೂ ಡಯೋಡ್‌ಗಳ ಮೂಲಕ ನುಗ್ಗುತ್ತದೆ. ಎಂ.ಜಿ.ಬಿ.ಯಲ್ಲಿ ಈ ಮಾರ್ಗದ ಕಂದುಬಣ್ಣದ ತಂತಿಗೆ ಫ್ಯೂಸ್ ಇರಲಿಲ್ಲ. ಕ್ಷಣಮಾತ್ರದಲ್ಲಿ ಡಯೋಡ್‌ಗಳು ಸುಡುತ್ತವೆ; ದುರದೃಷ್ಟವಿದ್ದರೆ ತಂತಿಯೂ ಸುಡುತ್ತದೆ.

ಎರಡನೆಯದು, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಕೂಡದು. ಡೈನಮೊ ಕಾಲದ ಮೆಕ್ಯಾನಿಕ್ಕರು ವಿದ್ಯುತ್ತು ಹುಟ್ಟುತ್ತಿದೆಯೇ ಎಂದು ಪರೀಕ್ಷಿಸಲು ಹೀಗೆ ಮಾಡುವುದುಂಟು: ತಂತಿ ಕಳಚಿದರೂ ಎಂಜಿನ್ ಓಡಿದರೆ ಡೈನಮೊ ಸುಸ್ಥಿತಿಯಲ್ಲಿದೆಯೆಂದು ನಿರ್ಣಯ. ಆಲ್ಟರ್ನೇಟರ್‌ನ ಮಟ್ಟಿಗೆ ಈ ಪರೀಕ್ಷೆಯೇ ಮರಣದಂಡನೆ. ಬ್ಯಾಟರಿಯೆಂಬುದು ವಿದ್ಯುತ್ತಿನ ಕಣಜ ಮಾತ್ರವಲ್ಲ, ಏರುಪೇರುಗಳನ್ನು ನುಂಗುವ ಕೊಳವೂ ಹೌದು. ಅದನ್ನು ಹಠಾತ್ತನೆ ತೆಗೆದಾಗ ಕಾಂತಕ್ಷೇತ್ರವು ಅದೇ ಕ್ಷಣದಲ್ಲಿ ಕುಗ್ಗಲಾರದು. ಹೋಗಲೆಡೆಯಿಲ್ಲದ ಶಕ್ತಿಯು ವೋಲ್ಟೇಜಾಗಿ ಏರಿ, ೧೪ರಲ್ಲಿರಬೇಕಾದದ್ದು ಕೆಲವೊಮ್ಮೆ ೧೦೦ರ ಸಮೀಪಕ್ಕೆ ನೆಗೆಯುತ್ತದೆ. ಅದು ಸೆಕೆಂಡಿನ ಒಂದಂಶ ಕಾಲ ಮಾತ್ರ ಇದ್ದರೂ ಡಯೋಡ್ ಮತ್ತು ನಿಯಂತ್ರಕಗಳ ನಾಶಕ್ಕೆ ಸಾಕು. ತಯಾರಕರು ಇದನ್ನರಿತು ಎ.ಸಿ.ಆರ್. ಮಾದರಿಗಳಲ್ಲಿ ಇಂತಹ ನೆಗೆತವನ್ನು ಹೀರುವ ರಕ್ಷಕ ಡಯೋಡ್ ಒಂದನ್ನು ಜೋಡಿಸತೊಡಗಿದರು. ಆದರೂ ಸಡಿಲವಾದ ಬ್ಯಾಟರಿಯ ಹಿಡಿಕೆ ದಾರಿಯ ಕುಲುಕಾಟದಲ್ಲಿ ತಾನೇ ಈ ದುಷ್ಕಾರ್ಯವನ್ನು ಎಸಗಬಲ್ಲದು.

ಮೂರನೆಯದು, ತಂತಿಯ ತುದಿಯನ್ನು ಮುಟ್ಟಿಸಿ ಕಿಡಿ ನೋಡಕೂಡದು. ಡೈನಮೊವಿನ ಧ್ರುವವನ್ನು ಬದಲಿಸಬೇಕಾದಾಗ ಅದರ ಕ್ಷೇತ್ರದ ಮೊನೆಗೆ ಬ್ಯಾಟರಿಯ ತಂತಿಯನ್ನು ಒಂದು ನಿಮಿಷಾರ್ಧವೂ ಅಲ್ಲ, ಒಂದು ರೆಪ್ಪೆ ಬಡಿಯುವಷ್ಟು ಕಾಲ ತಗುಲಿಸುವುದು ಶಾಸ್ತ್ರೋಕ್ತವಾದ ವಿಧಿಯೇ ಆಗಿತ್ತು. ಆಲ್ಟರ್ನೇಟರ್‌ಗೆ ಈ ಸಂಸ್ಕಾರ ಅನಾವಶ್ಯಕ, ಅಪಾಯಕರ. ಇದರೊಡನೆ ಇನ್ನೊಂದು ಸಂಗತಿಯನ್ನೂ ಸೇರಿಸಿ ಹೇಳಬೇಕು. ಕಟ್-ಔಟ್ ಇಲ್ಲದ ಕಾರಣ ಆಲ್ಟರ್ನೇಟರ್‌ನ ಮುಖ್ಯ ಮೊನೆಯಲ್ಲಿ, ಬೀಗದ ಕೈ ಜೇಬಿನಲ್ಲಿರುವಾಗಲೂ, ಬ್ಯಾಟರಿಯ ವೋಲ್ಟೇಜು ಸದಾ ಜಾಗೃತವಾಗಿರುತ್ತದೆ. ಎಂಜಿನ್ ನಿಲ್ಲಿಸಿ, ಬ್ಯಾಟರಿಯನ್ನು ಕಳಚಿ, ಅನಂತರವೇ ಅದರ ಹತ್ತಿರ ಸ್ಪ್ಯಾನರ್ ಒಯ್ಯಬೇಕು.

ನಾಲ್ಕನೆಯದು, ಕಾರಿನ ಮೈಗೆ ವಿದ್ಯುತ್ ವೆಲ್ಡಿಂಗ್ ಮಾಡುವಾಗ ಆಲ್ಟರ್ನೇಟರ್‌ನ ಜೋಡಣೆಯನ್ನು ಹಾಗೆಯೇ ಬಿಡಕೂಡದು. ತುಕ್ಕು ಹಿಡಿದ ಹಳೆಯ ಕಾರುಗಳಿಗೆ ವೆಲ್ಡಿಂಗ್ ಅನಿವಾರ್ಯವಾದ್ದರಿಂದ ಈ ನಿಷೇಧವನ್ನು ನೆನಪಿಡುವುದು ಮುಖ್ಯ.

ಐದನೆಯದು, ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬುವ ಭಾರವನ್ನು ಆಲ್ಟರ್ನೇಟರ್‌ನ ಮೇಲೆ ಹೊರಿಸಕೂಡದು. ಪ್ರವಾಹವು ಪ್ರತಿ ಸಲವೂ ಎರಡು ಡಯೋಡ್‌ಗಳನ್ನು ದಾಟಿ ಹೋಗಬೇಕು. ಒಂದೊಂದರಲ್ಲಿಯೂ ಸುಮಾರು ೧ ವೋಲ್ಟ್ ನಷ್ಟ. ೩೦ ಆಂಪಿಯರ್ ಹರಿಯುವಾಗ ಡಯೋಡ್‌ಗಳಲ್ಲಿಯೇ ಸುಮಾರು ೬೦ ವಾಟ್ ಶಾಖ ಹುಟ್ಟುತ್ತದೆ. ಆಲ್ಟರ್ನೇಟರ್ ತನ್ನ ಸುರುಳಿಗಳ ಪ್ರೇರಣೆಯಿಂದಲೇ ಗರಿಷ್ಠ ಪ್ರವಾಹಕ್ಕೆ ಮಿತಿ ಹಾಕಿಕೊಳ್ಳುವುದು ನಿಜ. ಆದರೆ ಆ ಮಿತಿಯಲ್ಲಿ ಗಂಟೆಗಟ್ಟಲೆ ದುಡಿಯುವುದಕ್ಕಾಗಿ ಅದನ್ನು ರಚಿಸಿಲ್ಲ. ವರ್ಷದಲ್ಲಿ ಬಹುಕಾಲ ಷೆಡ್ಡಿನಲ್ಲಿಯೇ ನಿಲ್ಲುವ ಹಳೆಯ ಸ್ಪೋರ್ಟ್ಸ್ ಕಾರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಬ್ಯಾಟರಿಯನ್ನು ಮೊದಲು ಹೊರಗಿನ ಚಾರ್ಜರಿನಿಂದ, ಕಾರಿನಿಂದ ಬೇರ್ಪಡಿಸಿ ತುಂಬಿ, ಆಮೇಲೆ ಕಾರನ್ನು ಹೊರಡಿಸುವುದೇ ಕ್ಷೇಮ.

೬

ಆಲ್ಟರ್ನೇಟರ್‌ಗೆ ವಿಧಿಗಳೇ ಇಲ್ಲವೆಂದು ಇದರಿಂದ ಭಾವಿಸಬಾರದು. ಉಳಿದಿರುವ ವಿಧಿಗಳು ಬಹುಮಟ್ಟಿಗೆ ಯಂತ್ರದ ಸುತ್ತಮುತ್ತಲಿಗೆ ಸಂಬಂಧಿಸಿವೆ. ಬೆಲ್ಟಿನ ಬಿಗಿತ ಹದವಾಗಿರಬೇಕು. ಅದರ ಉದ್ದನೆಯ ಭಾಗದ ನಡುವೆ ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗುವಂತಿರಬೇಕು. ಸಡಿಲವಾದರೆ ಜಾರುತ್ತದೆ, ಅತಿ ಬಿಗಿಯಾದರೆ ಬೇರಿಂಗು ಹಾಳಾಗುತ್ತದೆ. ಎಂಜಿನ್ನಿನಿಂದ ಸೋರುವ ಎಣ್ಣೆ ಅದರ ಮೇಲೆ ಬೀಳದಂತೆ, ತೊಳೆಯುವ ನೀರು ಒಳಗೆ ಹೋಗದಂತೆ, ಗಾಳಿಯ ಕಿಂಡಿಗಳು ಕೆಸರಿನಿಂದ ಮುಚ್ಚದಂತೆ ನೋಡಿಕೊಳ್ಳಬೇಕು. ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಇರುವ ಹೆಣೆದ ಪಟ್ಟಿ ತುಕ್ಕು ಹಿಡಿಯದೆ ಬಿಗಿಯಾಗಿರಬೇಕು. ಪ್ರವಾಹವು ಹಿಂದಿರುಗುವ ದಾರಿ ಅದೇ. ಪೂರ್ಣವಾಗಿ ತುಂಬಿದ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು ೧೨.೬ ವೋಲ್ಟನ್ನೂ, ಎಂಜಿನ್ ಚುರುಕಾಗಿ ಓಡುವಾಗ ೧೪ ವೋಲ್ಟಿನ ಆಸುಪಾಸನ್ನೂ ತೋರಿಸಿದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬಹುದು. ತಂತಿ ಕಳಚುವ ಹಳೆಯ ಪರೀಕ್ಷೆಯ ಸ್ಥಾನವನ್ನು ಈ ಅಳತೆಯು ತುಂಬಬೇಕು.

ಇಲ್ಲಿ ಕೆಂಪು ಎಚ್ಚರಿಕೆ ದೀಪದ ವಿಷಯ ಗಮನಾರ್ಹ. ಡೈನಮೊ ಇದ್ದ ಕಾರಿನಲ್ಲಿ ಅದು ಸಾಕ್ಷಿ ಮಾತ್ರವಾಗಿತ್ತು. ಅದರ ಬಲ್ಬು ಸುಟ್ಟರೂ ಡೈನಮೊ ತನ್ನ ಕೆಲಸವನ್ನು ಮಾಡುತ್ತಿತ್ತು. ಎ.ಸಿ.ಆರ್. ಮಾದರಿಗಳಲ್ಲಿ ಆ ಬಲ್ಬಿನ ಮೂಲಕ ಹಾಯುವ ಅಲ್ಪ ಪ್ರವಾಹವೇ ಕಾಂತಕ್ಷೇತ್ರವನ್ನು ಮೊದಲು ಎಬ್ಬಿಸುತ್ತದೆ. ಬಲ್ಬು ಸುಟ್ಟರೆ ಆಲ್ಟರ್ನೇಟರ್ ಎಚ್ಚರಗೊಳ್ಳದೆಯೇ ಇರಬಹುದು. ಇತ್ತೀಚೆಗೆ ಕೆಲವರು ಅದರ ಬದಲು ಎಲ್.ಇ.ಡಿ. ದೀಪವನ್ನು ಹಾಕುವುದುಂಟು, ಅದರಲ್ಲಿ ಹಾಯುವ ಪ್ರವಾಹ ಸಾಲದೆ, ದೋಷವಿಲ್ಲದ ಯಂತ್ರವೂ ನಿಷ್ಕ್ರಿಯವಾಗಿ ತೋರುತ್ತದೆ. ಸಾಕ್ಷಿಯಾಗಿದ್ದದ್ದು ಕರ್ತೃವಾಯಿತೆಂಬುದನ್ನು ಅರಿಯದೆ ಮಾಡಿದ ಬದಲಾವಣೆಯ ಫಲವಿದು.

೭

ಮೇಲ್ಕಂಡ ವಿವರಗಳಿಂದ ಒಂದು ಆಕ್ಷೇಪ ಹುಟ್ಟಬಹುದು. ಡೈನಮೊ ಇಷ್ಟು ಸಹನಶೀಲವಾಗಿದ್ದರೆ ಅದೇ ಉತ್ತಮವಲ್ಲವೇ? ಈ ವಾದವನ್ನು ಒಪ್ಪುವುದು ಕಷ್ಟ. ಪದೇಪದೇ ದುರಸ್ತು ಬೇಡುವ ಯಂತ್ರ ದುರಸ್ತಾಗುವುದು ಸುಲಭವೆಂಬುದು ಅದರ ಗುಣವೂ ಹೌದು, ಅದರ ಅಗತ್ಯವೂ ಹೌದು. ಆಲ್ಟರ್ನೇಟರ್ ತಾನು ಕೇಳುವ ಸಂಯಮವನ್ನು ಪಡೆದರೆ ವರ್ಷಗಟ್ಟಲೆ ಮತ್ತೇನನ್ನೂ ಕೇಳುವುದಿಲ್ಲ. ಆದರೆ ಕಳೆದುಕೊಂಡದ್ದೇನೂ ಇಲ್ಲವೆಂದರೆ ಅದೂ ಅಸತ್ಯ. ಕೆಡುವ ಮೊದಲು ಸೂಚನೆ ಕೊಡುತ್ತಿದ್ದ ಯಂತ್ರದ ಬದಲು ಒಂದೇ ಗಳಿಗೆಯಲ್ಲಿ ಕೆಡುವ ಯಂತ್ರ ಬಂದಿತು. ಮಾಲೀಕನ ಕೈಯಲ್ಲಿದ್ದ ವಿದ್ಯೆಯ ಒಂದು ಪಾಲು ಮುಚ್ಚಿದ ಡಬ್ಬಿಯೊಳಗೆ ಸೇರಿಹೋಯಿತು.

ಇಂದು ಈ ಕಾರುಗಳನ್ನು ಕಾಪಾಡುವವರ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ. ಮೂಲದ ಆಲ್ಟರ್ನೇಟರನ್ನು ಉಳಿಸಬೇಕೆ, ಹೆಚ್ಚು ಸಾಮರ್ಥ್ಯದ ಹೊಸದನ್ನು ಹಾಕಬೇಕೆ? ಹೊಸದನ್ನು ಹಾಕುವುದು ಸುಲಭ. ಆದರೆ ೩೪ ಆಂಪಿಯರ್‌ಗೆ ತಕ್ಕಂತೆ ಎಳೆದ ಹಳೆಯ ತಂತಿಯು ಅದರ ಎರಡರಷ್ಟನ್ನು ಹೊರಲಾರದು. ಯಂತ್ರವನ್ನು ಬದಲಿಸಿ ತಂತಿಯನ್ನು ಬಿಟ್ಟವನು ಅಪಾಯವನ್ನು ನಿವಾರಿಸಿದವನಲ್ಲ, ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದವನು. ತಕ್ಕ ತಂತಿಯನ್ನೂ ಮುಖ್ಯ ಮಾರ್ಗಕ್ಕೆ ಒಂದು ಫ್ಯೂಸನ್ನೂ ಜೋಡಿಸುವುದು ಯುಕ್ತ. ಹಾಗೆ ತೆಗೆದಿಟ್ಟ ಮೂಲದ ಆಲ್ಟರ್ನೇಟರನ್ನು ಗುಜರಿಗೆ ಹಾಕದೆ, ಯಾವ ಕಾರಿನದು, ಯಾವ ದಿನ ತೆಗೆದದ್ದು, ಏಕೆ ತೆಗೆದದ್ದು ಎಂಬ ಚೀಟಿಯೊಡನೆ ಕಾದಿಡುವುದು ಅದಕ್ಕಿಂತಲೂ ಯುಕ್ತ. ಶಾಸನದ ಕಲ್ಲನ್ನು ಗೋಡೆಗೆ ಸೇರಿಸಿ ಸುಣ್ಣ ಬಳಿದವರಿಂದ ಚರಿತ್ರೆಗೆ ಆದ ನಷ್ಟವನ್ನು ನಾವು ಬಲ್ಲೆವು. ಯಂತ್ರದ ಚರಿತ್ರೆಗೂ ಅದೇ ಬಗೆಯ ನಷ್ಟ ಆಗುತ್ತಿದೆ.

ಸಾರಾಂಶವಾಗಿ ಹೇಳುವುದಾದರೆ, ೧೯೬೦ರ ದಶಕದಲ್ಲಿ ಸ್ಪೋರ್ಟ್ಸ್ ಕಾರಿನಲ್ಲಿ ಬದಲಾದದ್ದು ಒಂದು ಅಂಗ ಮಾತ್ರವಲ್ಲ, ಅದನ್ನು ಪಾಲಿಸುವವನ ಆಚಾರವೂ ಬದಲಾಯಿತು. ಮಾಡಬಲ್ಲವನೆಂಬ ಹೆಸರನ್ನು ಡೈನಮೊ ತಂದುಕೊಡುತ್ತಿತ್ತು. ಮಾಡದಿರಬಲ್ಲವನಾಗಬೇಕೆಂದು ಆಲ್ಟರ್ನೇಟರ್ ವಿಧಿಸಿತು. ಆಚಾರದಲ್ಲಿ ಆದ ಇಂತಹ ಬದಲಾವಣೆಗಳು ಕೈಪಿಡಿಗಳ ಎಚ್ಚರಿಕೆಯ ಸಾಲುಗಳಲ್ಲಿಯೂ ಸುಟ್ಟ ಡಯೋಡ್‌ಗಳಲ್ಲಿಯೂ ದಾಖಲಾಗಿವೆ. ಅವುಗಳನ್ನು ಓದುವುದು ಯಂತ್ರಶಿಲ್ಪಿಗಳಿಗೆ ಬಿಟ್ಟ ಕೆಲಸವೆಂದು ಚರಿತ್ರೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಬಿಡತಕ್ಕದ್ದಲ್ಲ.